ಚುನಾವಣಾ ಹಣಕಾಸು ಸುಧಾರಣೆ: ಚಿಕ್ಕೋಡಿ ಭಾಗ

ಚುನಾವಣಾ ಹಣಕಾಸು ಸುಧಾರಣೆ ಎಂಬುದು ಅಭ್ಯರ್ಥಿಗಳೂ ರಾಜಕೀಯ ಪಕ್ಷಗಳೂ ಚುನಾವಣೆಗೆ ಹಣ ಕೂಡಿಸುವ, ಖರ್ಚು ಮಾಡುವ ಮತ್ತು ಲೆಕ್ಕ ಒಪ್ಪಿಸುವ ಬಗೆಯನ್ನು ಕಾನೂನಿನ ಕಟ್ಟಿಗೆ ತಂದು, ದೊಡ್ಡ ಹಣಕ್ಕೆ ರಾಜಕೀಯದಲ್ಲಿ ಸಿಗುವ ಹಿಡಿತವನ್ನು ತಗ್ಗಿಸುವ ಕ್ರಮಗಳ ಒಟ್ಟು ಹೆಸರು. ವೆಚ್ಚ ಮಿತಿ, ದೇಣಿಗೆಯ ಬಹಿರಂಗ, ಆಮಿಷದ ತಡೆ, ಆಸ್ತಿ ಘೋಷಣೆ ಹಾಗೂ ಸರ್ಕಾರಿ ನೆರವು ಇದರ ಮುಖ್ಯ ಅಂಗಗಳು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ಕ್ರಮಗಳು ಹೇಗೆ ನಡೆಯುತ್ತವೆ, ಎಲ್ಲಿ ನಿಂತುಹೋಗುತ್ತವೆ ಎಂಬುದು ಈ ಲೇಖನದ ವಸ್ತು.

ಇಲ್ಲಿ ‘ಚುನಾವಣಾ ವೆಚ್ಚ’ ಎಂದರೆ ಪ್ರಜಾಪ್ರತಿನಿಧಿ ಕಾಯ್ದೆ 1951ರ 77ನೆಯ ಕಲಮಿನ ಪ್ರಕಾರ ಅಭ್ಯರ್ಥಿ ಲೆಕ್ಕ ಇಡಬೇಕಾದ ಖರ್ಚು. ‘ದೇಣಿಗೆ’ ಎಂದರೆ ಪಕ್ಷಕ್ಕೆ ಸಲ್ಲುವ ಹಣ. ‘ಆಮಿಷ’ ಎಂದರೆ ಮತಕ್ಕಾಗಿ ಮತದಾರರಿಗೆ ಕೊಡುವ ನಗದು, ಮದ್ಯ ಅಥವಾ ವಸ್ತು. ಇವನ್ನು ಬೇರೆಬೇರೆಯಾಗಿ ನೋಡಬೇಕು. ವೆಚ್ಚ ಮಿತಿ ಅನ್ವಯಿಸುವುದು ಸಭೆ, ವಾಹನ, ಕರಪತ್ರ, ಜಾಹೀರಾತಿನಂಥ ನ್ಯಾಯಬದ್ಧ ಖರ್ಚಿಗೆ. ಆಮಿಷ ಒಂದು ರೂಪಾಯಿಯದಾದರೂ ಅಪರಾಧವೇ, ಅದಕ್ಕೆ ಮಿತಿ ಎಂಬುದೇ ಇಲ್ಲ.

ಪ್ರದೇಶ ಮತ್ತು ಕ್ಷೇತ್ರಗಳು

ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ ಮತ್ತು ಯಮಕನಮರಡಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಕುಡಚಿ ಮತ್ತು ರಾಯಬಾಗ ಪರಿಶಿಷ್ಟ ಜಾತಿಗೆ, ಯಮಕನಮರಡಿ ಪರಿಶಿಷ್ಟ ಪಂಗಡಕ್ಕೆ ಮೀಸಲು. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮುಂಬಯಿ ರಾಜ್ಯದಲ್ಲಿತ್ತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಲೋಕಸಭಾ ಕ್ಷೇತ್ರದಿಂದ ಬಿ. ಶಂಕರಾನಂದ 1967ರಿಂದ ಸತತವಾಗಿ ಆಯ್ಕೆಯಾದರು. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಅದು ಸಾಮಾನ್ಯ ಕ್ಷೇತ್ರವಾಯಿತು.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಣ್ಣುವ ಈ ನೆಲದಲ್ಲಿ ಕಬ್ಬೇ ದೊಡ್ಡ ಬೆಳೆ. ನಿಪ್ಪಾಣಿ ಬೀಡಿ ತಂಬಾಕಿನ ಪೇಟೆಯಾಗಿ ಹೆಸರಾದ ಊರು. ಬೆಲೆಗಾಗಿ 1981ರಲ್ಲಿ ನಡೆದ ತಂಬಾಕು ಬೆಳೆಗಾರರ ಚಳವಳಿಯಿಂದ ಅದರ ಹೆಸರು ದೇಶಕ್ಕೆ ತಿಳಿಯಿತು. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆ ಖಾಸಗಿ ವಲಯದ್ದು. ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ಅಥಣಿಯ ಕೃಷ್ಣಾ ಕಾರ್ಖಾನೆಗಳು ಸಹಕಾರಿ ವಲಯದಲ್ಲಿ ಹುಟ್ಟಿದವು. ಕಾರ್ಖಾನೆಯ ಆಡಳಿತ ಮಂಡಳಿ, ಪತ್ತಿನ ಸಹಕಾರ ಸಂಘ, ಶಿಕ್ಷಣ ಸಂಸ್ಥೆ ಮತ್ತು ಶಾಸನಸಭೆಯ ಉಮೇದುವಾರಿಕೆ ಇವುಗಳ ನಡುವೆ ಓಡಾಡುವ ನಾಯಕತ್ವ ಇಲ್ಲಿ ಎಲ್ಲ ಪಕ್ಷಗಳಲ್ಲೂ ಕಾಣುತ್ತದೆ. ಚುನಾವಣಾ ಹಣದ ಪ್ರಶ್ನೆಯನ್ನು ಅಭ್ಯರ್ಥಿಯ ಲೆಕ್ಕಪುಸ್ತಕದಿಂದಷ್ಟೇ ಅಳೆಯಲು ಈ ಭಾಗದಲ್ಲಿ ಆಗದಿರುವುದಕ್ಕೆ ಇದೇ ಕಾರಣ.

ಕಾನೂನಿನ ಬೆಳವಣಿಗೆ

ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕುವ ಪದ್ಧತಿ ಬ್ರಿಟನ್ನಿನ 1883ರ ಕಾಯ್ದೆಯಿಂದ ಬಂದದ್ದು. ಭಾರತದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಲೋಕಸಭಾ ಅಭ್ಯರ್ಥಿಗೆ ₹25,000 ಮಿತಿಯಿತ್ತು. ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿನ ಸುಪ್ರೀಂ ಕೋರ್ಟ್ 1976ರ ಬಕ್ಲಿ ಪ್ರಕರಣದಲ್ಲಿ ವೆಚ್ಚ ಮಿತಿಯನ್ನು ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧವೆಂದು ತೆಗೆದುಹಾಕಿತು. 2010ರಲ್ಲಿ ಕಂಪನಿಗಳ ಸ್ವತಂತ್ರ ಪ್ರಚಾರ ವೆಚ್ಚಕ್ಕೂ ಬಾಗಿಲು ತೆರೆಯಿತು.

ಭಾರತದಲ್ಲಿ ಮಿತಿ ಉಳಿಯಿತು, ಆದರೆ ಅದಕ್ಕೊಂದು ದೊಡ್ಡ ಕಂಡಿ ಬಿತ್ತು. ಪಕ್ಷವು ಅಭ್ಯರ್ಥಿಗಾಗಿ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕೆಂದು ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರ ಅಕ್ಟೋಬರಿನಲ್ಲಿ ಹೇಳಿತು. ಅದೇ ವರ್ಷ ಸರ್ಕಾರ 77ನೆಯ ಕಲಮಿಗೆ ವಿವರಣೆ ಸೇರಿಸಿ ಆ ತೀರ್ಪಿನ ಬಲ ಕುಗ್ಗಿಸಿತು. 2003ರ ತಿದ್ದುಪಡಿಯ ಬಳಿಕ ಈ ವಿನಾಯಿತಿ ಮುಖ್ಯವಾಗಿ ತಾರಾ ಪ್ರಚಾರಕರ ಪ್ರಯಾಣ ವೆಚ್ಚಕ್ಕೆ ಮತ್ತು ಅಭ್ಯರ್ಥಿಯ ಹೆಸರೆತ್ತದ ಸಾಮಾನ್ಯ ಪಕ್ಷ ಪ್ರಚಾರಕ್ಕೆ ಸೀಮಿತವಾಗಿದೆ. ಪಕ್ಷದ ಒಟ್ಟು ಚುನಾವಣಾ ಖರ್ಚಿಗೆ ಮಾತ್ರ ಇಂದಿಗೂ ಮಿತಿಯಿಲ್ಲ.

ಸುಳ್ಳು ಲೆಕ್ಕದ ಬಗ್ಗೆ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣ ಮುಖ್ಯವಾದುದು. ಎಲ್.ಆರ್. ಶಿವರಾಮೇಗೌಡ ವಿರುದ್ಧ ಟಿ.ಎಂ. ಚಂದ್ರಶೇಖರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಒಂದು ಗೆರೆ ಎಳೆಯಿತು: ಮಿತಿ ಮೀರಿದರೆ ಅದು 123(6)ನೆಯ ಕಲಮಿನ ಭ್ರಷ್ಟ ಆಚರಣೆ, ಲೆಕ್ಕವನ್ನು ಸರಿಯಾಗಿ ಇಡದಿರುವುದು ಅಷ್ಟರಿಂದಲೇ ಭ್ರಷ್ಟ ಆಚರಣೆಯಾಗದು. ಆದರೆ ಲೆಕ್ಕದ ನಿಜಾಂಶವನ್ನು ಚುನಾವಣಾ ಆಯೋಗ 10ಎ ಕಲಮಿನಡಿ ಪರಿಶೀಲಿಸಬಹುದು. ಮಹಾರಾಷ್ಟ್ರದ ಭೋಕರ್ ಕ್ಷೇತ್ರದ ‘ಕಾಸಿಗಾಗಿ ಸುದ್ದಿ’ ಆರೋಪದಿಂದ ಹುಟ್ಟಿದ ಅಶೋಕ ಚವ್ಹಾಣ ಪ್ರಕರಣದಲ್ಲಿ 2014ರ ಮೇ ತಿಂಗಳಲ್ಲಿ ನ್ಯಾಯಾಲಯ ಆಯೋಗದ ಈ ಅಧಿಕಾರವನ್ನು ಎತ್ತಿಹಿಡಿಯಿತು. 10ಎ ಪ್ರಕಾರ ಅನರ್ಹತೆಯ ಅವಧಿ ಮೂರು ವರ್ಷ.

ವೆಚ್ಚ ಮಿತಿ ಮತ್ತು ಲೆಕ್ಕದ ಅವಧಿ

1961ರ ಚುನಾವಣಾ ನಿರ್ವಹಣಾ ನಿಯಮಗಳ 90ನೆಯ ನಿಯಮ ಮಿತಿಯನ್ನು ಗೊತ್ತುಮಾಡುತ್ತದೆ. ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ 2014ರಲ್ಲಿ ಲೋಕಸಭೆಗೆ ₹70 ಲಕ್ಷ, ವಿಧಾನಸಭೆಗೆ ₹28 ಲಕ್ಷ ಇತ್ತು. 2022ರ ಜನವರಿಯಿಂದ ಅವು ₹95 ಲಕ್ಷ ಮತ್ತು ₹40 ಲಕ್ಷ. ಸುಮಾರು 17 ಲಕ್ಷ ಮತದಾರರಿರುವ ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ಇದು ತಲೆಗೆ ಆರು ರೂಪಾಯಿಗೂ ಕಡಿಮೆ. ಎರಡು ಲಕ್ಷದ ಆಸುಪಾಸು ಮತದಾರರಿರುವ ವಿಧಾನಸಭಾ ಕ್ಷೇತ್ರದಲ್ಲಿ ಸುಮಾರು ಇಪ್ಪತ್ತು ರೂಪಾಯಿ. ಗೆದ್ದವರು ತೋರಿಸುವ ಸರಾಸರಿ ಖರ್ಚು ಈ ಮಿತಿಯನ್ನೂ ಮುಟ್ಟುವುದಿಲ್ಲ ಎಂಬುದನ್ನು ಪ್ರಜಾಸತ್ತಾತ್ಮಕ ಸುಧಾರಣಾ ಸಂಘದ (ಎಡಿಆರ್) ವಿಶ್ಲೇಷಣೆಗಳು ತೋರಿಸುತ್ತ ಬಂದಿವೆ. ಲೆಕ್ಕಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಸುಧಾರಣೆಯ ಮೊದಲ ಸಮಸ್ಯೆಯೆಂದು ಕಾಣಬೇಕಾದುದು ಇದರಿಂದಲೇ.

ಎರಡನೆಯ ಸಮಸ್ಯೆ ಅವಧಿಯದು, ಅದು ಇನ್ನೂ ಆಳವಾದುದು. 77ನೆಯ ಕಲಂ ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚನ್ನು ಮಾತ್ರ ಕೇಳುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಕೆ ಏಪ್ರಿಲ್ 13ಕ್ಕೆ ಆರಂಭವಾಯಿತು, ಫಲಿತಾಂಶ ಮೇ 13ಕ್ಕೆ ಬಂತು. ಐದು ವರ್ಷಗಳ ರಾಜಕೀಯದಲ್ಲಿ ಲೆಕ್ಕಕ್ಕೆ ಸಿಕ್ಕದ್ದು ಹೆಚ್ಚೆಂದರೆ 31 ದಿನ. ಅದಕ್ಕೂ ತಿಂಗಳುಗಳ ಮೊದಲು ಹಂಚಿದ ಕುಕ್ಕರ್, ಸೀರೆ, ಜಾತ್ರೆ ಮತ್ತು ಕ್ರೀಡಾಕೂಟಗಳ ಪ್ರಾಯೋಜಕತ್ವ, ಆರೋಗ್ಯ ಶಿಬಿರ, ಹುಟ್ಟುಹಬ್ಬದ ಊಟ ಇವು ಯಾವುವೂ ಅಭ್ಯರ್ಥಿಯ ಚುನಾವಣಾ ವೆಚ್ಚವಲ್ಲ.

ಗೆಲುವಿನ ಅಂತರ ಕಿರಿದಾದಷ್ಟೂ ಹಣದ ಎಳೆತ ಹೆಚ್ಚುತ್ತದೆ. 2014ರಲ್ಲಿ ಚಿಕ್ಕೋಡಿ ಲೋಕಸಭಾ ಕ್ಷೇತ್ರ 3,003 ಮತಗಳಿಂದ ನಿರ್ಣಯವಾಯಿತು. 2018ರಲ್ಲಿ ಅಥಣಿ ವಿಧಾನಸಭಾ ಕ್ಷೇತ್ರದ ಅಂತರ 2,331 ಮತ. ಕೆಲವೇ ಹಳ್ಳಿಗಳ ಒಲವು ಫಲಿತಾಂಶವನ್ನು ತಿರುಗಿಸಬಲ್ಲ ಇಂಥ ಕ್ಷೇತ್ರಗಳಲ್ಲಿ ಕೊನೆಯ ಎರಡು ರಾತ್ರಿಗಳ ಕಾವಲು ತಿಂಗಳಿಡೀ ನಡೆಯುವ ಲೆಕ್ಕಪರಿಶೀಲನೆಯಷ್ಟೇ ಮುಖ್ಯ.

ನಿಗಾ ವ್ಯವಸ್ಥೆ

ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಅದರ ಮೂಲಕ ಖರ್ಚು ಮಾಡಬೇಕು. ಪ್ರಚಾರದ ಅವಧಿಯಲ್ಲಿ ಮೂರು ಬಾರಿ ವೆಚ್ಚ ವೀಕ್ಷಕರಿಗೆ ಲೆಕ್ಕ ತೋರಿಸಬೇಕು. ಫಲಿತಾಂಶದ ಬಳಿಕ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಪೂರ್ಣ ಲೆಕ್ಕ ಒಪ್ಪಿಸಬೇಕು. ಆಯೋಗದ ಸಿಬ್ಬಂದಿ ಸಭೆಗಳ ವಿಡಿಯೊ ನೋಡಿ, ಕುರ್ಚಿ, ಶಾಮಿಯಾನ, ವಾಹನ ಎಣಿಸಿ, ಗೊತ್ತುಪಡಿಸಿದ ದರಪಟ್ಟಿಯಂತೆ ಬೆಲೆ ಕಟ್ಟಿ ನೆರಳು ವಹಿಯಲ್ಲಿ ಬರೆಯುತ್ತಾರೆ. ಎರಡೂ ತಾಳೆಯಾಗದಿದ್ದರೆ ಅಭ್ಯರ್ಥಿಗೆ ನೋಟಿಸ್ ಹೋಗುತ್ತದೆ. ಸಲ್ಲಿಕೆಯಾದ ಲೆಕ್ಕವನ್ನು ಯಾವ ನಾಗರಿಕನಾದರೂ ಒಂದು ರೂಪಾಯಿ ಶುಲ್ಕ ಕೊಟ್ಟು ನೋಡಬಹುದು. ಈ ಹಕ್ಕು 88ನೆಯ ನಿಯಮದಲ್ಲಿದೆ, ಬಳಸುವವರು ವಿರಳ. ಅಥಣಿಯ ಮತದಾರ ಇದಕ್ಕಾಗಿ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಳಗಾವಿಯ ಕಚೇರಿಗೆ ಹೋಗಬೇಕಾಗುವುದರಿಂದ, ಲೆಕ್ಕಗಳನ್ನು ಜಾಲತಾಣದಲ್ಲಿ ಪ್ರಕಟಿಸುವುದು ಈ ಭಾಗಕ್ಕೆ ಔಪಚಾರಿಕ ಕ್ರಮವಷ್ಟೇ ಅಲ್ಲ.

ಮಹಾರಾಷ್ಟ್ರದ ಗಡಿಯ ಕಾರಣದಿಂದ ತಪಾಸಣೆಗೆ ಇಲ್ಲಿ ವಿಶೇಷ ತೂಕವಿದೆ. ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ ಪುಣೆ-ಬೆಂಗಳೂರು ಹೆದ್ದಾರಿಯ ಮುಖ್ಯ ತಪಾಸಣಾ ಠಾಣೆ. ಕಾಗವಾಡದ ದಾರಿ ಮಿರಜಕ್ಕೆ ಹೋಗುತ್ತದೆ. ಅಭ್ಯರ್ಥಿ, ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತರಿರುವ ವಾಹನದಲ್ಲಿ ₹50,000ಕ್ಕೂ ಹೆಚ್ಚು ನಗದು ಅಥವಾ ₹10,000ಕ್ಕೂ ಹೆಚ್ಚು ಬೆಲೆಯ ಆಮಿಷದ ವಸ್ತು ಸಿಕ್ಕರೆ ಸ್ಥಿರ ಕಣ್ಗಾವಲು ತಂಡ ಜಪ್ತಿ ಮಾಡುತ್ತದೆ. ನಗದು ₹10 ಲಕ್ಷ ಮೀರಿದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಆದರೆ ಇದೇ ದಾರಿಯಲ್ಲಿ ಮಿರಜದ ಆಸ್ಪತ್ರೆಗೆ ಹೋಗುವ ರೋಗಿಯ ಮನೆಯವರೂ, ಕೊಲ್ಹಾಪುರದ ಬೆಲ್ಲದ ಪೇಟೆ ಮತ್ತು ಸಾಂಗಲಿಯ ಅರಿಸಿನ ಪೇಟೆಯಿಂದ ಮರಳುವ ರೈತರೂ ನಗದು ಹಿಡಿದು ಓಡಾಡುತ್ತಾರೆ. ಅವರ ಹಣ ಸಿಕ್ಕಿಬಿದ್ದರೆ ದಾಖಲೆ ನೋಡಿ ತಡಮಾಡದೆ ಬಿಡಿಸಿಕೊಡಲು ಜಿಲ್ಲಾ ಮಟ್ಟದಲ್ಲಿ ಅಧಿಕಾರಿಗಳ ಸಮಿತಿ ಇದೆ. ಆ ಸಮಿತಿ ಚುರುಕಾಗಿಲ್ಲದಿದ್ದರೆ ದೊಡ್ಡ ಹಣಕ್ಕೆಂದು ಬೀಸಿದ ಬಲೆಗೆ ಸಣ್ಣವರೇ ಬೀಳುತ್ತಾರೆ.

2018ರಲ್ಲಿ ಆಯೋಗ ಆರಂಭಿಸಿದ ಸಿ-ವಿಜಿಲ್ ಆ್ಯಪ್‌ನಲ್ಲಿ ನಾಗರಿಕರು ಚಿತ್ರ ಸಹಿತ ದೂರು ಕಳಿಸಬಹುದು. 100 ನಿಮಿಷಗಳೊಳಗೆ ಕ್ರಮವಾಗಬೇಕೆಂಬುದು ಗುರಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 81 ಕ್ಷೇತ್ರಗಳನ್ನು ವೆಚ್ಚ ಸೂಕ್ಷ್ಮ ಕ್ಷೇತ್ರಗಳೆಂದು ಗುರುತಿಸಲಾಗಿತ್ತು. ರಾಜ್ಯದಲ್ಲಿ ಜಪ್ತಿಯಾದ ನಗದು, ಮದ್ಯ, ಲೋಹ ಮತ್ತು ವಸ್ತುಗಳ ಮೌಲ್ಯ ₹375 ಕೋಟಿ ದಾಟಿತು. 2018ರಲ್ಲಿ ಅದು ಸುಮಾರು ₹84 ಕೋಟಿ. ಈ ಏರಿಕೆ ನಿಗಾ ಬಿಗಿಯಾದದ್ದನ್ನು ಹೇಳುತ್ತದೆಯೋ ಆಮಿಷ ಹೆಚ್ಚಿದ್ದನ್ನು ಹೇಳುತ್ತದೆಯೋ ಎಂಬುದು ಜಪ್ತಿಯ ಅಂಕಿಯೊಂದರಿಂದ ತಿಳಿಯದು. ಪ್ರಕರಣ ದಾಖಲಾದ ಮೇಲೆ ಎಷ್ಟು ಶಿಕ್ಷೆಯಾಯಿತು ಎಂಬುದೇ ಸರಿಯಾದ ಅಳತೆ.

ಹಣದ ಹಂಚಿಕೆ ಮಿತಿಮೀರಿದರೆ ಆಯೋಗ ಸಂವಿಧಾನದ 324ನೆಯ ವಿಧಿಯ ಬಲದಿಂದ ಮತದಾನವನ್ನೇ ರದ್ದುಪಡಿಸಬಲ್ಲದು. ತಮಿಳುನಾಡಿನ ಆರ್.ಕೆ. ನಗರ ಉಪಚುನಾವಣೆ 2017ರಲ್ಲಿ ಹೀಗೆ ರದ್ದಾಯಿತು. ವೆಲ್ಲೂರು ಲೋಕಸಭಾ ಚುನಾವಣೆ 2019ರಲ್ಲಿ ಆಯೋಗದ ಶಿಫಾರಸಿನ ಮೇಲೆ ರಾಷ್ಟ್ರಪತಿಗಳ ಆದೇಶದಿಂದ ರದ್ದಾಯಿತು.

ಮಿತಿಯ ಹೊರಗೆ ಉಳಿದ ಚುನಾವಣೆಗಳು

ಪ್ರಜಾಪ್ರತಿನಿಧಿ ಕಾಯ್ದೆಯ 76ನೆಯ ಕಲಂ ವೆಚ್ಚದ ಅಧ್ಯಾಯವನ್ನು ಲೋಕಸಭೆ ಮತ್ತು ವಿಧಾನಸಭೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ವಿಧಾನ ಪರಿಷತ್ತಿನ ಚುನಾವಣೆಗೆ ವೆಚ್ಚ ಮಿತಿಯೇ ಇಲ್ಲ. ಬೆಳಗಾವಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಇಬ್ಬರು ಪರಿಷತ್ತಿಗೆ ಹೋಗುತ್ತಾರೆ. 2021ರ ಡಿಸೆಂಬರ್ 10ರಂದು ನಡೆದ ಮತದಾನದಲ್ಲಿ ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯ್ತಿ ಸದಸ್ಯರು. ಯಾವ ಊರಿನಲ್ಲಿ ಯಾರ ಮತವಿದೆ ಎಂಬುದು ಮೊದಲೇ ಗೊತ್ತಿರುವ, ಬೆರಳೆಣಿಕೆಯ ಸಾವಿರ ಮತಗಳ ಈ ಚುನಾವಣೆಗೆ ಲಕ್ಷಗಟ್ಟಲೆ ಮತದಾರರ ಚುನಾವಣೆಗಿಂತ ಕಟ್ಟುನಿಟ್ಟಾದ ಮಿತಿ ಬೇಕಿತ್ತು. ಇರುವ ಸ್ಥಿತಿ ತದ್ವಿರುದ್ಧ.

ಸಹಕಾರಿ ಚುನಾವಣೆಗಳದು ಇನ್ನೊಂದು ಲೋಕ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಅಡಿಯ ಸಂಘಗಳಿಗೆ ಸಹಕಾರ ಚುನಾವಣಾ ಪ್ರಾಧಿಕಾರ ಚುನಾವಣೆ ನಡೆಸುತ್ತದೆ. ಗಡಿಯಾಚೆಗೂ ಶಾಖೆಗಳಿರುವ ಪತ್ತಿನ ಸಂಸ್ಥೆಗಳು ಕೇಂದ್ರದ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆ 2002ಕ್ಕೆ ಒಳಪಡುತ್ತವೆ. ಎರಡಕ್ಕೂ 77ನೆಯ ಕಲಂ ತಾಗುವುದಿಲ್ಲ. ಬೆಳಗಾವಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ತಾಲ್ಲೂಕು ನಿರ್ದೇಶಕರನ್ನು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ (ಪಿಕೆಪಿಎಸ್) ಪ್ರತಿನಿಧಿಗಳು ಆರಿಸುತ್ತಾರೆ. ಪ್ರತಿ ಪಿಕೆಪಿಎಸ್ ಆಡಳಿತ ಮಂಡಳಿ ಒಬ್ಬರ ಹೆಸರಿಗೆ ಠರಾವು ಮಾಡಿ ಕಳಿಸುತ್ತದೆ, ಇಡೀ ಪೈಪೋಟಿ ಆ ಠರಾವಿನ ಸುತ್ತ ನಡೆಯುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಎರಡು ಪ್ಯಾನೆಲ್‌ಗಳ ನಡುವಿನ ಸ್ಪರ್ಧೆ ವಿಧಾನಸಭಾ ಚುನಾವಣೆಯ ಮುನ್ನೋಟವಾಗುವುದು ಈ ಭಾಗದಲ್ಲಿ ಹೊಸದಲ್ಲ.

ಕಾರ್ಖಾನೆ ಮತ್ತು ಚುನಾವಣೆಯ ನಂಟಿನ ಬಗ್ಗೆ ಗಟ್ಟಿಯಾದ ಅಧ್ಯಯನ ನಡೆದಿರುವುದು ನೆರೆಯ ಮಹಾರಾಷ್ಟ್ರದಲ್ಲಿ. ಅರ್ಥಶಾಸ್ತ್ರಜ್ಞ ಸಂದೀಪ ಸುಖಟಣಕರ್ 2012ರಲ್ಲಿ ಪ್ರಕಟಿಸಿದ ಸಂಶೋಧನೆ, ರಾಜಕಾರಣಿಗಳ ಹಿಡಿತದಲ್ಲಿರುವ ಕಾರ್ಖಾನೆಗಳು ಚುನಾವಣಾ ವರ್ಷದಲ್ಲಿ ಕಬ್ಬಿಗೆ ಕೊಡುವ ದರ ಇಳಿಯುವುದನ್ನು ತೋರಿಸಿತು. ಹಣ ಪ್ರಚಾರಕ್ಕೆ ಹರಿಯುತ್ತದೆ ಎಂಬುದು ಅದರ ತೀರ್ಮಾನ. ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳಿಗೆ ಆ ಫಲಿತಾಂಶವನ್ನು ಹಾಗೆಯೇ ಹಚ್ಚಲಾಗದು. ಆದರೂ ಒಂದೇ ನದಿಬಯಲು, ಒಂದೇ ಬೆಳೆ, ಒಂದೇ ಬಗೆಯ ಸಹಕಾರಿ ಪರಂಪರೆಯ ಈ ಭಾಗದಲ್ಲಿ ಅಂಥದೇ ಪರಿಶೀಲನೆ ನಡೆಯಬೇಕಾದದ್ದು ನ್ಯಾಯ. ಕಬ್ಬಿನ ಬಿಲ್ಲನ್ನು 14 ದಿನಗಳೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲಿಗೂ ಕಟಾವಿನ ಸರದಿಗೂ ಕಾರ್ಖಾನೆಯ ಕಡೆ ನೋಡುವ ರೈತ ಮತದಾನದ ದಿನವೂ ಅದೇ ರೈತ. ಈ ಅವಲಂಬನೆಗೆ ಜಪ್ತಿ ಮಾಡುವಂಥ ನೋಟಿನ ಕಟ್ಟು ಬೇಕಾಗಿಲ್ಲ.

ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷರಹಿತ. 2020ರ ಡಿಸೆಂಬರಿನ ಚುನಾವಣೆಯ ಹೊತ್ತಿಗೆ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ವರದಿಗಳು ಬಂದವು. ಹರಾಜು ಕಾನೂನುಬಾಹಿರವೆಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಸಿತು.

ಪಕ್ಷಾಂತರ ಮತ್ತು ಉಪಚುನಾವಣೆ

2019ರ ಜುಲೈನಲ್ಲಿ ವಿಧಾನಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಪಕ್ಷಾಂತರ ನಿಷೇಧ ಕಾನೂನಿನಡಿ 17 ಶಾಸಕರನ್ನು ಅನರ್ಹಗೊಳಿಸಿದರು. ಅವರಲ್ಲಿ ಅಥಣಿಯ ಮಹೇಶ ಕುಮಠಳ್ಳಿ ಮತ್ತು ಕಾಗವಾಡದ ಶ್ರೀಮಂತ ಪಾಟೀಲ ಸೇರಿದ್ದರು. ಸುಪ್ರೀಂ ಕೋರ್ಟಿನ ತೀರ್ಪು ಕಾಗವಾಡದ ಶಾಸಕರ ಹೆಸರಿನಲ್ಲೇ ಕಾನೂನು ವರದಿಗಳಲ್ಲಿ ಉಳಿದಿದೆ. 2019ರ ನವೆಂಬರ್ 13ರ ಆ ತೀರ್ಪು ಅನರ್ಹತೆಯನ್ನು ಎತ್ತಿಹಿಡಿಯಿತು. ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಯಾರೊಬ್ಬರೂ ಹಣ ಪಡೆದರೆಂಬ ತೀರ್ಮಾನ ಅದರಲ್ಲಿಲ್ಲ. ಶಾಸಕರ ಖರೀದಿ ಮತ್ತು ಪಕ್ಷಾಂತರಕ್ಕೆ ಅಂಟಿದ ಭ್ರಷ್ಟ ಪದ್ಧತಿಗಳಿಂದ ಜನರಿಗೆ ಸ್ಥಿರ ಸರ್ಕಾರ ತಪ್ಪುತ್ತಿದೆ, ಕಾನೂನನ್ನು ಬಲಪಡಿಸುವ ವಿಚಾರ ಆಗಬೇಕು ಎಂದು ಮಾತ್ರ ಪೀಠ ಸಾಮಾನ್ಯವಾಗಿ ಹೇಳಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಈ ಇಬ್ಬರೂ ಬಿಜೆಪಿಯಿಂದ ಮರು ಆಯ್ಕೆಯಾದರು. ಒಂದೂವರೆ ವರ್ಷದ ಅಂತರದಲ್ಲಿ ಎರಡು ವಿಧಾನಸಭಾ ಚುನಾವಣೆಗಳನ್ನೂ ನಡುವೆ ಒಂದು ಲೋಕಸಭಾ ಚುನಾವಣೆಯನ್ನೂ ಕಂಡ ಅಥಣಿ, ಕಾಗವಾಡಗಳಲ್ಲಿ ಅಭ್ಯರ್ಥಿಗಳ ಖರ್ಚಿನ ಜೊತೆಗೆ ಸರ್ಕಾರದ ಖರ್ಚೂ ಮರುಕಳಿಸಿತು.

ಪಕ್ಷಗಳ ದೇಣಿಗೆ

ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದನ್ನು 1969ರಲ್ಲಿ ನಿಷೇಧಿಸಲಾಯಿತು, 1985ರಲ್ಲಿ ಮತ್ತೆ ಬಿಡಲಾಯಿತು. 2013ರ ಕಂಪನಿ ಕಾಯ್ದೆ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿ ಇಟ್ಟಿತು. 2017ರ ಹಣಕಾಸು ಕಾಯ್ದೆ ಆ ಮಿತಿಯನ್ನು ಕಿತ್ತು ಚುನಾವಣಾ ಬಾಂಡ್‌ಗೆ ದಾರಿ ಮಾಡಿತು. 2018ರ ಜನವರಿ 2ರಂದು ಅಧಿಸೂಚನೆಯಾದ ಈ ಯೋಜನೆಯಲ್ಲಿ ದಾನಿಯ ಹೆಸರು ಮತದಾರರಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರುವರಿ 15ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಯೋಜನೆಯನ್ನೂ ಕಂಪನಿಗಳ ಅಮಿತ ದೇಣಿಗೆಯನ್ನೂ ಅಸಾಂವಿಧಾನಿಕವೆಂದು ಸಾರಿತು. ಸ್ಟೇಟ್ ಬ್ಯಾಂಕ್ ಒಪ್ಪಿಸಿದ ಮಾಹಿತಿ ಮಾರ್ಚ್‌ನಲ್ಲಿ ಹೊರಬಂತು. 2019ರ ಏಪ್ರಿಲ್‌ನಿಂದೀಚೆಗೆ ಬಿಜೆಪಿಗೆ ₹6,000 ಕೋಟಿಗೂ ಹೆಚ್ಚು, ತೃಣಮೂಲ ಕಾಂಗ್ರೆಸ್‌ಗೆ ₹1,600 ಕೋಟಿಗೂ ಹೆಚ್ಚು, ಕಾಂಗ್ರೆಸ್‌ಗೆ ₹1,400 ಕೋಟಿಗೂ ಹೆಚ್ಚು ಬಂದಿತ್ತು.

ಈಗ ದೇಣಿಗೆ ಚೆಕ್, ಬ್ಯಾಂಕ್ ವರ್ಗಾವಣೆ ಮತ್ತು 2013ರಿಂದ ಇರುವ ಎಲೆಕ್ಟೋರಲ್ ಟ್ರಸ್ಟ್‌ಗಳ ಮೂಲಕ ಹರಿಯುತ್ತದೆ. ₹20,000ಕ್ಕಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷ ಆಯೋಗಕ್ಕೆ ತಿಳಿಸಬೇಕು. ನಗದು ₹2,000 ಮೀರಿದರೆ ತೆರಿಗೆ ವಿನಾಯಿತಿ ಇಲ್ಲ. ಈ ಲೆಕ್ಕವೆಲ್ಲ ಪಕ್ಷದ ಮಟ್ಟದ್ದು. ಚಿಕ್ಕೋಡಿಗೆ ಎಷ್ಟು ಬಂತು, ನಿಪ್ಪಾಣಿಗೆ ಎಷ್ಟು ಬಂತು ಎಂಬುದನ್ನು ಅದರಿಂದ ತಿಳಿಯಲಾಗದು.

ಸುಧಾರಣಾ ಪ್ರಸ್ತಾಪಗಳು

ಇಂದ್ರಜಿತ್ ಗುಪ್ತಾ ಸಮಿತಿ 1998ರಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ನಗದಿನ ಬದಲು ಸಾಮಗ್ರಿ ರೂಪದ ಸರ್ಕಾರಿ ನೆರವನ್ನು ಸೂಚಿಸಿತು. ಆಕಾಶವಾಣಿ, ದೂರದರ್ಶನಗಳಲ್ಲಿ ಉಚಿತ ಸಮಯ ಮತ್ತು ಉಚಿತ ಮತದಾರರ ಪಟ್ಟಿ ಮಾತ್ರ ಜಾರಿಯಲ್ಲಿವೆ. ಕಾನೂನು ಆಯೋಗದ 255ನೆಯ ವರದಿ (2015) ಪೂರ್ಣ ಸರ್ಕಾರಿ ವೆಚ್ಚ ಸದ್ಯಕ್ಕೆ ಕಾರ್ಯಸಾಧ್ಯವಲ್ಲವೆಂದಿತು. ಲೆಕ್ಕದ ಅವಧಿಯನ್ನು ಅಧಿಸೂಚನೆಯ ದಿನದಿಂದ ಆರಂಭಿಸಬೇಕು, ಕಂಪನಿಯ ದೇಣಿಗೆಗೆ ಷೇರುದಾರರ ಸಭೆಯ ಒಪ್ಪಿಗೆ ಬೇಕು ಎಂದು ಸಲಹೆ ಮಾಡಿತು. ಚುನಾವಣಾ ಆಯೋಗ 2022ರಲ್ಲಿ ಹೆಸರು ತಿಳಿಸಬೇಕಾದ ದೇಣಿಗೆಯ ಮಟ್ಟವನ್ನು ₹20,000ದಿಂದ ₹2,000ಕ್ಕೆ ಇಳಿಸಲು ಕೇಳಿತು.

ಅಧಿಸೂಚನೆಯಿಂದ ಲೆಕ್ಕ ಆರಂಭವಾದರೂ ಹೆಚ್ಚುವುದು ಕೆಲವು ದಿನಗಳಷ್ಟೇ. ಚಿಕ್ಕೋಡಿ ಭಾಗಕ್ಕೆ ಇದಕ್ಕಿಂತ ಹತ್ತಿರದ ಕ್ರಮಗಳೆಂದರೆ 76ನೆಯ ಕಲಮನ್ನು ತಿದ್ದಿ ವಿಧಾನ ಪರಿಷತ್ತನ್ನು ಒಳಗೆ ತರುವುದು, ಜಿಲ್ಲಾ ಬ್ಯಾಂಕ್ ಮತ್ತು ಸಕ್ಕರೆ ಕಾರ್ಖಾನೆಗಳ ಚುನಾವಣೆಗೆ ಸಹಕಾರ ಕಾಯ್ದೆಯಲ್ಲೇ ವೆಚ್ಚ ಮಿತಿ ಇಡುವುದು, ಚುನಾವಣಾ ವರ್ಷದಲ್ಲಿ ಕಾರ್ಖಾನೆಗಳ ಲೆಕ್ಕಪರಿಶೋಧನೆಯನ್ನು ಬೇಗ ಮುಗಿಸಿ ಪ್ರಕಟಿಸುವುದು. ಅಭ್ಯರ್ಥಿಯ ಆಸ್ತಿ, ಸಾಲ, ಆದಾಯ ಮೂಲಗಳನ್ನು ಹೇಳುವ 26ನೆಯ ನಮೂನೆಯ ಪ್ರಮಾಣಪತ್ರ 2002-03ರ ಸುಪ್ರೀಂ ಕೋರ್ಟ್ ತೀರ್ಪುಗಳ ಫಲ. ಸಹಕಾರಿ ಸಂಸ್ಥೆಗಳ ನಿರ್ದೇಶಕ ಸ್ಥಾನದ ಅಭ್ಯರ್ಥಿಗಳಿಗೂ ಅಂಥದೇ ಘೋಷಣೆಯನ್ನು ಕಡ್ಡಾಯಗೊಳಿಸಿದರೆ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಈಗಿನ ಸ್ಥಿತಿ

2024ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕೋಡಿಯೂ ಗಡಿಯಾಚೆಯ ಕೊಲ್ಹಾಪುರ, ಹಾತಕಣಂಗಲೆ, ಸಾಂಗಲಿಗಳೂ ಒಂದೇ ದಿನ, ಮೇ 7ರಂದು, ಮತ ಹಾಕಿದವು. ಚಿಕ್ಕೋಡಿಯಲ್ಲಿ ಕಾಂಗ್ರೆಸ್‌ನ ಪ್ರಿಯಾಂಕಾ ಜಾರಕಿಹೊಳಿ ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ ಅವರನ್ನು 90 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ದೇಶದಾದ್ಯಂತ ಮೇ 18ರವರೆಗಿನ ಜಪ್ತಿ ₹8,889 ಕೋಟಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಚುನಾವಣಾ ಲಂಚದ ಅಪರಾಧ 170ನೆಯ ಕಲಮಿಗೆ, ಅದರ ಶಿಕ್ಷೆ 173ನೆಯ ಕಲಮಿಗೆ ಬಂದಿವೆ. ಶಿಕ್ಷೆ ಮೊದಲಿನಷ್ಟೇ, ಹೆಚ್ಚೆಂದರೆ ಒಂದು ವರ್ಷ ಸೆರೆ ಅಥವಾ ದಂಡ ಅಥವಾ ಎರಡೂ. ಉಪಚಾರದ ರೂಪದ ಲಂಚಕ್ಕೆ ದಂಡ ಮಾತ್ರ. ಪಕ್ಷದ ವೆಚ್ಚಕ್ಕೆ ಮಿತಿ, ಪರಿಷತ್ ಚುನಾವಣೆಗೆ ಮಿತಿ, ಲೆಕ್ಕದ ಅವಧಿಯ ವಿಸ್ತರಣೆ ಇವು ಮೂರೂ ಶಾಸನವಾಗಿಲ್ಲ.